ನಾಬ್ ತೋರಿಸೋದೊಂದು, ಕೇಳಿಸೋದು ಇನ್ನೊಂದು

ಇವತ್ತಿನ ಮಾತು ಸಿಂಥಸೈಜರ್ ಮೇಲಿರೋ ನಾಬ್‌ಗಳದ್ದು. ವೇದಿಕೆ ಮೇಲೆ ಅವನ್ನು ಎಷ್ಟು ನಂಬಬಹುದು ಅನ್ನೋದು.

ನಾನು ಇದನ್ನ ಕಲಿತದ್ದು ಮರ್ಯಾದೆ ಕಳ್ಕೊಂಡು. ಪುಣೆಯಲ್ಲಿ ನಮ್ಮ ಸೊಸೈಟಿಯ ಗಣೇಶೋತ್ಸವ. ಒಬ್ಬರು ಭಾವಗೀತೆ ಹಾಡ್ತಿದ್ದರು, ನಾನು ಹಿಂದೆ ಮೆತ್ತಗೆ ಸ್ವರ ಹಿಡಿದಿದ್ದೆ. ಚರಣ ಬಂದಾಗ ಧ್ವನಿ ಸ್ವಲ್ಪ ಅರಳಲಿ ಅಂತ ಕಟಾಫ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದೆ. ಸ್ಪೀಕರ್ ಕಿರ್ರ್ ಅಂತು. ಹಾಡ್ತಿದ್ದವರು ಸಾಲು ಮರೆತು ನನ್ನ ಕಡೆ ತಿರುಗಿದರು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕಿವಿ ಮುಚ್ಕೊಂಡರು.

ಆಗಿದ್ದು ಇಷ್ಟೇ. ಫಿಲ್ಟರ್ ಯಾವ ಮಟ್ಟದ ಮೇಲಿನ ಕಂಪನಗಳನ್ನು ಕತ್ತರಿಸಬೇಕು ಅನ್ನೋ ಗಡಿಯೇ ಕಟಾಫ್. ಹಿಂದಿನ ಹಾಡಿಗೆ ಅದನ್ನ 110ಕ್ಕೆ ತಂದಿದ್ದೆ. ಈ ಹಾಡಿಗೆ ಬೇರೆ ಪ್ಯಾಚ್ ಆರಿಸಿದೆ. ಅದರಲ್ಲಿ ಉಳಿಸಿಟ್ಟಿದ್ದ ಬೆಲೆ 30. ಧ್ವನಿ 30ಕ್ಕೆ ಬಂತು, ನಾಬ್ ಮಾತ್ರ 110ರಲ್ಲೇ ನಿಂತಿತ್ತು. ಮುಟ್ಟಿದ ತಕ್ಷಣ 30ರಿಂದ 111ಕ್ಕೆ ನೆಗೆತ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸ್ಕ್ರೀನ್ ಮೇಲೆ ಒಂದು ಬೆಲೆ, ಡೇಟಾಬೇಸ್‌ನಲ್ಲಿ ಇನ್ನೊಂದು.

1970ರ ಮಿನಿಮೂಗ್‌ಗೆ ಈ ರೋಗ ಇರಲಿಲ್ಲ. ಅದಕ್ಕೆ ನೆನಪಿನ ಶಕ್ತಿಯೇ ಇಲ್ಲ. ನಾಬ್ ಎಲ್ಲಿದೆಯೋ ಅದೇ ಧ್ವನಿ. 1978ರಲ್ಲಿ ಪ್ರಾಫೆಟ್-5 ಬಂತು, 40 ಧ್ವನಿಗಳನ್ನು ಉಳಿಸಿಡೋ ಮೆಮೊರಿ ಜೊತೆಗೆ. ಒಂದು ಬಟನ್‌ನಲ್ಲಿ ಧ್ವನಿ ಬದಲಾಗೋ ಸುಖ ಸಿಕ್ತು, ನಾಬ್ ಸುಳ್ಳು ಹೇಳೋಕೂ ಶುರು ಮಾಡ್ತು. ಮುಂಬೈಯವರಿಗೆ ಗೊತ್ತಿರಬಹುದು, 1982ರಲ್ಲಿ ಚರಣ್‌ಜಿತ್ ಸಿಂಗ್ ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳ ರೆಕಾರ್ಡ್ ಮಾಡಿದರು. ಅದರಲ್ಲಿ ಬೇಸ್ ನುಡಿಸಿದ ರೋಲ್ಯಾಂಡ್ ಟಿಬಿ-303 ಸ್ವರಗಳ ಸಾಲನ್ನಷ್ಟೇ ನೆನಪಿಡುತ್ತೆ, ನಾಬ್‌ಗಳ ಸ್ಥಾನವನ್ನಲ್ಲ. ಹಾಗಾಗಿ ಅದರ ಕಟಾಫ್ ಇವತ್ತಿಗೂ ಸತ್ಯವಂತ.

ಈಗಿನ ಸಿಂಥ್‌ಗಳಲ್ಲಿ ಪರಿಹಾರ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತೆ. ಕೋರ್ಗ್ ಮಿನಿಲಾಗ್‌ನಲ್ಲಿ 'ನಾಬ್ ಮೋಡ್' ಅಂತಿದೆ. ಜಂಪ್ ಅಂದ್ರೆ ನನಗಾದದ್ದೇ. ಕ್ಯಾಚ್‌ನಲ್ಲಿ ನಾಬ್ ಉಳಿಸಿಟ್ಟ ಬೆಲೆಯನ್ನು ಮುಟ್ಟೋವರೆಗೂ ಧ್ವನಿ ಮಿಸುಕಾಡೋದಿಲ್ಲ. ಸ್ಕೇಲ್‌ನಲ್ಲಿ ನಾಬ್ ತಿರುಗಿಸಿದ ದಿಕ್ಕಿಗೆ ಬೆಲೆಯೂ ಇರೋ ಜಾಗದಿಂದಲೇ ಅಳತೆಯಾಗಿ ಸರಿಯುತ್ತೆ. ಕೇಳೋಕೆ ಸ್ಕೇಲೇ ಜಾಣ ಅನ್ಸುತ್ತೆ. ಆದರೆ ನನ್ನ 110ರ ನಾಬ್‌ಗೆ ಮೇಲಕ್ಕೆ ಉಳಿದಿರೋ ಜಾಗ ಬೆರಳಗಲ. ಅಷ್ಟರೊಳಗೆ ಧ್ವನಿ 30ರಿಂದ 127ಕ್ಕೆ ಓಡಬೇಕು. ಕೈಗೆ ಅಳತೆ ಸಿಗೋದಿಲ್ಲ. ನನ್ನ ವೋಟು ಕ್ಯಾಚ್‌ಗೆ. ಹಾಡಿನ ಮಧ್ಯೆ ಅದು ಸತ್ತ ನಾಬ್ ಥರ ಕಾಣುತ್ತೆ ನಿಜ. ಅದಕ್ಕೇ ಪ್ಯಾಚ್ ಬದಲಿಸಿದ ಕೂಡಲೇ, ನಿರೂಪಕರು ಮಾತಾಡ್ತಿರುವಾಗಲೇ, ನಾಬ್ ಕೆಳಗಿಳಿಸಿ 30ನ್ನು ಹಿಡಿದುಕೊಂಡುಬಿಡಿ.

ಸಿಂಥ್ ನಾಬ್‌ನಿಂದ ಲ್ಯಾಪ್‌ಟಾಪ್ ನಡೆಸೋರಿಗೂ ಇದೇ ಕಥೆ. ಏಬಲ್‌ಟನ್ ಲೈವ್‌ನಲ್ಲಿ 'ಟೇಕೋವರ್ ಮೋಡ್' ಹುಡುಕಿ, ಪಿಕ್-ಅಪ್ ಇಡಿ. ನಾಬ್ ಕಳಿಸೋ ಮಾಮೂಲಿ ಮಿಡಿ ಸಂದೇಶದಲ್ಲಿ 0ರಿಂದ 127ರವರೆಗೆ 128 ಮೆಟ್ಟಿಲು ಮಾತ್ರ. ರೆಸೊನೆನ್ಸ್ ಏರಿಸಿ ಫಿಲ್ಟರನ್ನು ನಿಧಾನವಾಗಿ ತೆರೆದರೆ ಕೆಲವೊಮ್ಮೆ ಒಂದೊಂದು ಮೆಟ್ಟಿಲೂ ಕಿವಿಗೆ ಬೀಳುತ್ತೆ. ಮ್ಯಾಪ್ ಮಾಡುವಾಗಲೇ ಕನಿಷ್ಠ, ಗರಿಷ್ಠ ಬೆಲೆ ಹಾಕಿಬಿಡಿ. ನಾನು ರೆಸೊನೆನ್ಸ್‌ಗೆ ಅರ್ಧದಲ್ಲೇ ಬೇಲಿ ಹಾಕ್ತೀನಿ, ಕೈ ಜಾರಿದರೂ ಸ್ಪೀಕರ್ ಶಿಳ್ಳೆ ಹೊಡೆಯಬಾರದು. ಸಿಂಥ್‌ನಿಂದ ಹೋದ ಸಂದೇಶ ಲ್ಯಾಪ್‌ಟಾಪ್ ಸುತ್ತಿ ಅದೇ ಸಿಂಥ್‌ಗೆ ವಾಪಸ್ ಬರ್ತಿದ್ರೆ ಒಂದೊಂದು ಸ್ವರವೂ ಎರಡೆರಡು ಸಲ ನುಡಿಯುತ್ತೆ. ಆಗ ಸಿಂಥ್‌ನಲ್ಲಿ ಲೋಕಲ್ ಆಫ್ ಮಾಡಿ.

ಮರುವರ್ಷ ಅದೇ ಗಾಯಕರ ಜೊತೆ ರಿಹರ್ಸಲ್. ಶ್ರುತಿ ಕೇಳೋಕೂ ಮೊದಲು ಅವರು ಕೇಳಿದ್ದು, "ಸರ್, ಈ ಸಲಾನೂ ಆ ಗುಂಡಿ ತಿರುಗಿಸ್ತೀರಾ?" ತಿರುಗಿಸ್ತೀನಿ ಅಂದೆ. ಚರಣದ ಹೊತ್ತಿಗೆ ತಿರುಗಿಸಿದೆ. ಅವರಿಗೆ ಗೊತ್ತೇ ಆಗಲಿಲ್ಲ.