ಹಚ್ಚೆಯ ಬೆಲೆ, ಸೂಜಿಯ ಲೆಕ್ಕ

ಚರ್ಮದ ಮೇಲ್ಪದರ ದಾಟಿ, ಒಳಪದರದಲ್ಲಿ ಸೂಜಿಯಿಂದ ಬಣ್ಣ ನಿಲ್ಲಿಸುವುದೇ ಹಚ್ಚೆ. ಮೇಲಿನದು ಸವೆದು ಹೊಸದಾಗುತ್ತಲೇ ಇರುತ್ತದೆ. ಒಳಗೆ ಇಳಿದ ಬಣ್ಣ ಉಳಿಯುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಕೊರವಂಜಿಯರದಾಗಿತ್ತು. ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಕೆಲವು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರು. ನೋವು ಮರೆಸಲು ಹಾಡುತ್ತಿದ್ದರು. ಕೂಲಿ ಒಂದಿಷ್ಟು ಧಾನ್ಯ, ಹಳೆಯ ಸೀರೆ.

ಈಗಿನ ಅಂಗಡಿಯ ಲೆಕ್ಕ ಹೆಚ್ಚಾಗಿ ಚದರ ಇಂಚಿನದು. ಮೂರಿಂಚು ಅಗಲ, ನಾಲ್ಕಿಂಚು ಉದ್ದದ ಚಿತ್ರ 12 ಚದರ ಇಂಚು. ಇಂಚಿಗೆ 500 ರೂಪಾಯಿ ಹೇಳಿದರೆ 6,000 ರೂಪಾಯಿ. ಎರಡಕ್ಷರದ ಹೆಸರಿಗೂ ಕನಿಷ್ಠ ದರವೊಂದು ಇರುತ್ತದೆ. ಚಿತ್ರ ಚಿಕ್ಕದೆಂದು ಹೊಸ ಸೂಜಿ, ಕೈಗವಸಿನ ಖರ್ಚು ಇಳಿಯುವುದಿಲ್ಲವಲ್ಲ! ಹಲವು ಬಣ್ಣ, ಮುಖಚಿತ್ರಗಳಿಗೆ ದರ ಏರುತ್ತದೆ.

ಉತ್ತರ ಕನ್ನಡದ ಮಂಚಿಕೇರಿಯಂಥ ಸಣ್ಣ ಊರಿನವರು ಇದಕ್ಕಾಗಿ ಶಿರಸಿಗೋ ಹುಬ್ಬಳ್ಳಿಗೋ ಹೋಗಬೇಕು. ಇಲ್ಲವೇ ಜಾತ್ರೆಯ ಬಯಲಲ್ಲಿ ಯಂತ್ರ ಹಿಡಿದು ಕೂತವರ ಮುಂದೆ ಕೈ ಚಾಚಬೇಕು. ಅಲ್ಲಿ ಅಗ್ಗ, ನಿಜ. ಆದರೆ ಒಂದೇ ಸೂಜಿ ಹಲವರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಕಲಾವಿದರ ಹೊಸ ಹಚ್ಚೆಗಿಂತ ಗಾಯ ಮಾಗಿದ ಹಳೆಯ ಕೆಲಸದ ಫೋಟೊ ಕೇಳುವುದೇ ಜಾಣತನ. ಗೆರೆ ಹರಡಿದೆಯೇ ಎಂಬುದು ಅದರಲ್ಲೇ ಕಾಣುತ್ತದೆ. ಕನ್ನಡ ಅಕ್ಷರವಾದರೆ ಒತ್ತು, ದೀರ್ಘಗಳನ್ನು ಕಾಗದದ ಮೇಲೆ ಮೊದಲೇ ನೋಡಿಕೊಳ್ಳಬೇಕು. ತಪ್ಪಾದರೆ ಲೇಸರ್‌ನಿಂದ ಅಳಿಸಲು ಹಲವು ಸಲ ಕೂರಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ಹಣವೂ ಹೋಗಬಹುದು.

ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೇನೆಗೆ ಸೇರಬಯಸುವವರು ಅಲ್ಲಿನ ಹಚ್ಚೆ ನಿಯಮವನ್ನು ಮೊದಲೇ ಓದಿಕೊಳ್ಳಲಿ.