ಪಿಶಿಂಗೀನ್ಯನ ಕೊಳಲು
ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ 1897ರಲ್ಲಿ ಜನಿಸಿದ ಪಿಶಿಂಗೀನ್ಯನು ಮೊದಲು ಕೊಳಲುಗಾರನು. ಅವನು ಮನೆಯಲ್ಲಿ ಕೇಳಿ ಬೆಳೆದ ಸಂಗೀತವು ‘ಶೋರೊ’. ಯೂರೋಪಿನ ಪೋಲ್ಕ ನೃತ್ಯದ ಧಾಟಿಗೆ ಆಫ್ರಿಕದ ಲಯವು ಬೆರೆತು ಹುಟ್ಟಿದುದು. 1922ರಲ್ಲಿ ಅವನ ‘ಎಂಟು ಮಂದಿ ನಿಪುಣರು’ ಎಂಬ ಮೇಳವು ಪ್ಯಾರಿಸಿಗೆ ಹೊರಟಾಗ, ಕಪ್ಪುಜನರು ದೇಶದ ಪ್ರತಿನಿಧಿಗಳಾಗಬಹುದೆ ಎಂದು ಕೆಲವು ಪತ್ರಿಕೆಗಳು ಸಿಡಿಮಿಡಿಗೊಂಡವು. ಅಲ್ಲಿ ಅವನು ಜಾಜ್ ಮೇಳಗಳನ್ನು ಕೇಳಿದನು, ಸ್ಯಾಕ್ಸೊಫೋನನ್ನೂ ಕೈಗೆತ್ತಿಕೊಂಡನು.

‘ಅಕ್ಕರೆಯ’ ಎಂಬರ್ಥದ ಹೆಸರುಳ್ಳ ‘ಕರಿನ್ಯೋಜು’ ಅವನ ಪ್ರಸಿದ್ಧ ಕೃತಿ. 1928ರಲ್ಲಿ ಅದರ ಧ್ವನಿಮುದ್ರಿಕೆಯು ಹೊರಬಂದಾಗ ಒಬ್ಬ ವಿಮರ್ಶಕನು, ಇದಕ್ಕೆ ಜಾಜಿನ ಸೋಂಕು ತಗುಲಿದೆಯೆಂದು ಹಳಿದನು. ಬೆರಕೆಯಿಂದಲೇ ಹುಟ್ಟಿದ ಸಂಗೀತಕ್ಕೆ ಇನ್ನೊಂದು ಬೆರಕೆಯು ಮೈಲಿಗೆಯಾದುದೆಂತೆಂದು ನಾವು ಬೆರಗಾಗುತ್ತೇವೆ. ಸಾಹಿತ್ಯವು ಕೂಡಿಬಂದು 1937ರಲ್ಲಿ ಒರ್ಲಾಂಡೊ ಸಿಲ್ವನು ಹಾಡಿದ ಮೇಲೆ ಅದೇ ಕೃತಿಯು ಮನೆಮನೆಯ ಹಾಡಾಯಿತು.

1946ರಿಂದ ಕೆಲವು ವರ್ಷ ಅವನು ಬೆನೆಡಿಟೊ ಲಸೆರ್ಡನಿಗೆ ಕೊಳಲನ್ನು ಬಿಟ್ಟು, ತಾನು ಸ್ಯಾಕ್ಸೊಫೋನಿನಲ್ಲಿ ಕೆಳಗಿನಿಂದ ಬೇರೊಂದು ರಾಗವನ್ನು ಹೆಣೆಯುತ್ತಿದ್ದನು. ನಮ್ಮ ಕಿವಿಗೆ ಆ ಮುದ್ರಿಕೆಗಳೇ ಹೆಚ್ಚು ರುಚಿ.