ಮೇ ತಿಂಗಳ ಗುಡುಗುಮಳೆ, ಮುಂಗಾರು ಮತ್ತು ಅಡಿಕೆಯ ಮೊದಲ ಸಿಂಪರಣೆ

ಕೊಳೆರೋಗದ ತಡೆಗೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯನ್ನು ಮುಂಗಾರು ಹಿಡಿಯುವ ಮೊದಲೇ ಮುಗಿಸಬೇಕು. ಡಾ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಿಂದ ಈ ರೋಗದ ಬಗ್ಗೆ ಪ್ರಕಟಿಸಿದ ಕಾಲದಿಂದಲೂ ಇದು ತಿಳಿದ ಮಾತು. ಆದರೂ ಮೇ ತಿಂಗಳಲ್ಲಿ ನಾಲ್ಕು ಹನಿ ಬಿದ್ದೊಡನೆ ಮಳೆಗಾಲ ಬಂದೇಬಿಟ್ಟಿತೆಂದು ಕೆಲವರು ಸಿಂಪರಣೆಯನ್ನು ಮುಂದೂಡುತ್ತಾರೆ. ಆ ಮಳೆಯೇ ಬೇರೆ, ಮುಂಗಾರೇ ಬೇರೆ. ಎರಡಕ್ಕೂ ಮೂಲ ಮಾತ್ರ ಒಂದೇ: ನೆಲವೂ ನೀರೂ ಒಂದೇ ಸಮನೆ ಕಾಯುವುದಿಲ್ಲ.

ಬೇಸಿಗೆಯ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲು ಇಡಲಾಗದು. ಅದೇ ಹೊತ್ತಿನಲ್ಲಿ ಕೆರೆಯ ನೀರು ತಂಪಾಗಿರುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸುವ ಶಾಖದ ಸುಮಾರು ಐದನೆಯ ಒಂದು ಪಾಲು, ಅಷ್ಟೇ ತೂಕದ ಒಣಮಣ್ಣಿಗೆ ಸಾಕು. ಅಲ್ಲದೆ ನೆಲದಲ್ಲಿ ಬಿಸಿಲಿನ ಕಾವು ಮೇಲಿನ ಕೆಲವೇ ಅಂಗುಲಗಳಲ್ಲಿ ಉಳಿಯುತ್ತದೆ. ಕಡಲಿನಲ್ಲಾದರೋ ಬಿಸಿಲು ಆಳಕ್ಕೆ ಇಳಿಯುತ್ತದೆ, ಅಲೆಗಳು ನೀರನ್ನು ಕಲಕುತ್ತವೆ, ಒಂದು ಪಾಲು ಶಾಖ ಆವಿಯಾಗುವುದಕ್ಕೇ ಖರ್ಚಾಗುತ್ತದೆ.

ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗಕ್ಕೆ ಕಡಲ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿದ್ದು, ಮಧ್ಯಾಹ್ನದ ನಂತರ ಮೋಡ ಗೋಪುರದಂತೆ ಎದ್ದು, ಸಂಜೆ ಗುಡುಗಿ ಸುರಿದು ಹೋಗುವುದು ಹೀಗೆ. ಒಂದು ಊರಿಗೆ ಮಳೆ, ಪಕ್ಕದ ಊರಿಗೆ ಧೂಳು. ರಾತ್ರಿ ನೆಲ ತಣಿದ ಮೇಲೆ ಆಟ ಮುಗಿಯುತ್ತದೆ.

ಮುಂಗಾರಿನಲ್ಲಿ ಇದೇ ಕೆಲಸ ಇಡೀ ಭೂಖಂಡದ ಅಳತೆಯಲ್ಲಿ ನಡೆಯುತ್ತದೆ. ರಾಜಸ್ಥಾನ, ಸಿಂಧ್ ಕಡೆಯ ಕಾದ ನೆಲದ ಮೇಲೆ ವಾಯುಭಾರ ಕುಸಿದು, ಸಮಭಾಜಕದ ಆಚೆಯಿಂದಲೂ ಗಾಳಿ ಹೊರಡುತ್ತದೆ. ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಬಾಗಿ ನೈರುತ್ಯ ಮಾರುತವಾಗುತ್ತದೆ. ಮಳೆ ಶುರುವಾದ ಮೇಲೆ ನೆಲ ತಂಪಾದರೂ ಮಾರುತ ನಿಲ್ಲದು. ಆವಿ ಹನಿಯಾಗುವಾಗ ಬಿಡುವ ಶಾಖವೇ ಅದನ್ನು ನಡೆಸುತ್ತದೆ. ಈ ಗಾಳಿಗೆ ಎದುರಾಗುವ ಗೋಡೆ ನಮ್ಮ ಘಟ್ಟ. ಸುಮಾರು 600 ಮೀಟರ್ ಎತ್ತರದ ಹುಲಿಕಲ್ಲಿನಲ್ಲಿ ಅದು ಏರಿ, ತಣಿದು, ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವುದುಂಟು. ಹೊರೆ ಇಳಿಸಿ ಶಿವಮೊಗ್ಗಕ್ಕೆ ಬರುವಾಗ ಸುಮಾರು 1000 ಮಿ.ಮೀ.ಗೆ ಸಾಲುವಷ್ಟೇ ಉಳಿದಿರುತ್ತದೆ.

ಗುರುತಿಸುವುದು ಕಷ್ಟವಲ್ಲ. ಗುಡುಗು ಕಡಮೆಯಾಗಿ, ಮೋಡ ತಗ್ಗಿನಲ್ಲಿ ಹರಿದು, ಪಡುವಣ ಗಾಳಿ ರಾತ್ರಿಯೂ ಬಿಡದೆ ಬೀಸಿದರೆ ಮುಂಗಾರು ಬಂತೆಂದು ತಿಳಿಯಿರಿ. ಕೇರಳಕ್ಕೆ ಅದು ಸಾಮಾನ್ಯವಾಗಿ ಜೂನ್ 1ಕ್ಕೆ ತಲಪುತ್ತದೆ. ಅಲ್ಲಿಂದ ನಮಗೆ ಕೆಲವೇ ದಿನ. ರೋಹಿಣಿ ಮುಗಿದು ಮೃಗಶಿರ ಹುಟ್ಟಲಿ ಎಂದು ಕಾಯಬೇಡಿ. ಮೋಡ ಪಂಚಾಂಗ ನೋಡಿಕೊಂಡು ಬರುವುದಿಲ್ಲ.

ಹೀಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರು ಮೇ ಕೊನೆಯ ವಾರದ ಬೆಳಗಿನ ಹೊತ್ತನ್ನು ಬಿಡಬಾರದು. ಸಂಜೆ ಗುಡುಗಿದರೂ ಅಷ್ಟರಲ್ಲಿ ದ್ರಾವಣ ಕಾಯಿಯ ಮೇಲೆ ಒಣಗಿರುತ್ತದೆ. ಕೊನೆಗಾರರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೋರ್ಡೋ ರೋಗಾಣು ಒಳಹೊಕ್ಕ ಕಾಯಿಯನ್ನು ಉಳಿಸದು, ಹೊಗದಂತೆ ತಡೆಯುತ್ತದೆ ಅಷ್ಟೆ. ಎರಡನೆಯ ಸಿಂಪರಣೆ 40–45 ದಿನಗಳ ನಂತರ, ಪಡುವಣ ಗಾಳಿ ಬಲಗುಂದಿ ಹೊಳವಾದ ದಿನ ನೋಡಿ ಆಗಬೇಕು.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿರಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ಇನ್ನಷ್ಟು ತಿಳಿ ಸುಣ್ಣದ ನೀರು ಬೆರೆಸಿ, ಅಂದೇ ಬಳಸಿ.